ಕರೆಂಟ್ ಇದೆ, ಹೈಡ್ರೋಜನ್ ಎಲ್ಲಿ? ಕೊಳಚೆ ನೀರಿನ ಸೆಲ್‌ನಲ್ಲಿ ದೋಷ ಹುಡುಕುವ ಬಗೆ

ಸೆಲ್ ಕಟ್ಟಿದ್ದೀರಿ. ಕೊಳಚೆ ನೀರು ತುಂಬಿದ್ದೀರಿ. ಪವರ್ ಸಪ್ಲೈ ಜೋಡಿಸಿ ಮೂರು ವಾರ ಆಯ್ತು. ಗ್ಯಾಸ್ ಚೀಲ ಮಾತ್ರ ಚಪ್ಪಟೆಯಾಗಿಯೇ ಇದೆ. ಈ ಹಂತದಲ್ಲಿ ಬಹಳ ಜನ ಮೊದಲು ವೋಲ್ಟೇಜ್ ಏರಿಸುತ್ತಾರೆ. ಅದಕ್ಕೂ ಜಗ್ಗದಿದ್ದರೆ ಬ್ಯಾಕ್ಟೀರಿಯಾ ಸತ್ತಿವೆ ಅಂದುಕೊಂಡು ಎಲ್ಲವನ್ನೂ ಚೆಲ್ಲಿ ಮತ್ತೆ ಶುರು ಮಾಡುತ್ತಾರೆ. ದಯವಿಟ್ಟು ಇವೆರಡನ್ನೂ ಮಾಡಬೇಡಿ. ಆನೋಡ್ (ಪ್ಲಸ್ ಕಡೆಯ ಎಲೆಕ್ಟ್ರೋಡ್) ಮೇಲೆ ಕೂತ ಬ್ಯಾಕ್ಟೀರಿಯಾದ ಜೀವಪದರ ಬೆಳೆಯಲು ವಾರಗಟ್ಟಲೆ ಬೇಕು. ದೋಷ ಎಲ್ಲಿದೆ ಎಂದು ಗೊತ್ತಾಗುವ ಮುಂಚೆ ಅದನ್ನು ಎಸೆಯುವುದು ದೊಡ್ಡ ನಷ್ಟ.

ಈ ಬರಹ ಮೈಕ್ರೋಬಿಯಲ್ ಎಲೆಕ್ಟ್ರಾಲಿಸಿಸ್ ಸೆಲ್ ಬಗ್ಗೆ. ಚಿಕ್ಕದಾಗಿ ಎಂಇಸಿ ಅನ್ನುತ್ತಾರೆ. 2005ರ ಸುಮಾರಿಗೆ ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯ ಮತ್ತು ನೆದರ್ಲೆಂಡ್ಸ್‌ನ ವಾಗೆನಿಂಗೆನ್ ವಿಶ್ವವಿದ್ಯಾಲಯದ ತಂಡಗಳು ಬೇರೆ ಬೇರೆಯಾಗಿಯೇ ಇದನ್ನು ಕಂಡುಕೊಂಡವು. ಕೆಲಸದ ರೀತಿ ಸರಳ. ಆನೋಡ್ ಮೇಲಿನ ಬ್ಯಾಕ್ಟೀರಿಯಾ ನೀರಿನಲ್ಲಿರುವ ಸಾವಯವ ಕೊಳೆಯನ್ನು ತಿಂದು ಎಲೆಕ್ಟ್ರಾನ್‌ಗಳನ್ನು ಆನೋಡ್‌ಗೆ ಕೊಡುತ್ತವೆ. ಆ ಎಲೆಕ್ಟ್ರಾನ್‌ಗಳು ತಂತಿಯಲ್ಲಿ ಹರಿದು ಮೈನಸ್ ಕಡೆಯ ಕ್ಯಾಥೋಡ್ ಸೇರುತ್ತವೆ. ಅಲ್ಲಿ ನೀರಿನ ಹೈಡ್ರೋಜನ್ ಅಯಾನುಗಳ ಜೊತೆ ಕೂಡಿ ಹೈಡ್ರೋಜನ್ ಗ್ಯಾಸ್ ಆಗುತ್ತದೆ. ಇದು ತಾನಾಗಿ ನಡೆಯುವುದಿಲ್ಲ. ಹೊರಗಿನಿಂದ ಸ್ವಲ್ಪ ನೂಕಬೇಕು. ಅಸಿಟೇಟ್ (ವಿನೆಗರ್ ಆಮ್ಲದ ಲವಣ) ಆಹಾರವಾದರೆ ಲೆಕ್ಕದ ಪ್ರಕಾರ ಸುಮಾರು 0.11 ವೋಲ್ಟ್ ಸಾಕು. ನಿಜವಾಗಿ 0.5ರಿಂದ 0.9 ವೋಲ್ಟ್ ಕೊಡುತ್ತೇವೆ. ಬರೀ ನೀರನ್ನು ಒಡೆಯಲು ಲೆಕ್ಕದಲ್ಲೇ 1.23 ವೋಲ್ಟ್ ಬೇಕು. ಬಳಕೆಯಲ್ಲಿ 1.8ರ ಹತ್ತಿರ ಹೋಗುತ್ತದೆ. ಈ ಎರಡರ ನಡುವಿನ ಅಂತರವೇ ಬ್ಯಾಕ್ಟೀರಿಯಾ ನಮಗೆ ಉಳಿಸಿಕೊಡುವ ವಿದ್ಯುತ್ತು.

ಮುಟ್ಟುವ ಮುಂಚೆ ಸುರಕ್ಷತೆ. ಗಾಳಿಯಲ್ಲಿ ಹೈಡ್ರೋಜನ್ 4ರಿಂದ 75 ಶೇಕಡಾ ಇದ್ದರೆ ಒಂದು ಕಿಡಿಗೇ ಹೊತ್ತಿಕೊಳ್ಳುತ್ತದೆ. ಅದಕ್ಕೆ ವಾಸನೆ ಇಲ್ಲ. ಉರಿ ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಗಾಳಿ ಆಡುವ ಜಾಗದಲ್ಲೇ ಕೆಲಸ ಮಾಡಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಹೈಡ್ರೋಜನ್ ಸಲ್ಫೈಡ್ ಇದೆ ಎಂದು ಅರ್ಥ. ಅದು ವಿಷ. ಜಾಸ್ತಿಯಾದಾಗ ಮೂಗೇ ಮರಗಟ್ಟಿ ವಾಸನೆ ನಿಂತಂತೆ ಅನ್ನಿಸುತ್ತದೆ. ವಾಸನೆ ಹೋಯಿತೆಂದು ನಂಬಬೇಡಿ. ಕೊಳಚೆ ನೀರು ಮುಟ್ಟುವಾಗ ಕೈಗವಸು ಇರಲಿ.

ಮೊದಲು ಎಲೆಕ್ಟ್ರಾನ್ ಲೆಕ್ಕ

ದೋಷ ಯಾವುದೇ ಇರಲಿ, ನಾನು ಶುರು ಮಾಡುವುದು ಇಲ್ಲಿಂದಲೇ. ಎಲೆಕ್ಟ್ರಾನ್‌ಗಳು ಮೂರು ಕಡೆ ಕಳೆದುಹೋಗಬಹುದು. ಆಹಾರದಿಂದ ತಂತಿಗೆ ಬಾರದೇ ಇರಬಹುದು. ತಂತಿಯಿಂದ ಕ್ಯಾಥೋಡ್‌ಗೆ ಬಂದೂ ಹೈಡ್ರೋಜನ್ ಆಗದೇ ಇರಬಹುದು. ಹೈಡ್ರೋಜನ್ ಆದ ಮೇಲೆ ನಿಮ್ಮ ಚೀಲಕ್ಕೆ ಬರುವಷ್ಟರಲ್ಲಿ ಮಾಯವಾಗಬಹುದು. ಎಲ್ಲಿ ಕಳೆಯಿತು ಎಂದು ಹೇಳುವುದು ಮೂರು ಸಂಖ್ಯೆಗಳು.

ಮೊದಲನೆಯದು ಕರೆಂಟ್. ಪವರ್ ಸಪ್ಲೈನ ಪ್ಲಸ್ ತುದಿ ಆನೋಡ್‌ಗೆ. ಮೈನಸ್ ತುದಿ 10 ಓಮ್ ರೆಸಿಸ್ಟರ್ ಮೂಲಕ ಕ್ಯಾಥೋಡ್‌ಗೆ. ಆ ರೆಸಿಸ್ಟರ್‌ನ ಎರಡು ತುದಿಗಳ ನಡುವೆ ವೋಲ್ಟೇಜ್ ಅಳೆಯಿರಿ. 100 ಮಿಲಿವೋಲ್ಟ್ ಬಂದರೆ 10 ಮಿಲಿ ಆಂಪಿಯರ್ ಹರಿಯುತ್ತಿದೆ. ಸಪ್ಲೈನ ಪರದೆಯಲ್ಲಿ ಕಾಣುವ ಕರೆಂಟನ್ನು ನಂಬಬೇಡಿ. ಇಷ್ಟು ಚಿಕ್ಕ ಕರೆಂಟನ್ನು ಅದು ಸರಿಯಾಗಿ ತೋರಿಸುವುದಿಲ್ಲ.

ಎರಡನೆಯದು ಬರಬೇಕಾದ ಗ್ಯಾಸ್. ಒಂದು ಹೈಡ್ರೋಜನ್ ಅಣುವಿಗೆ ಎರಡು ಎಲೆಕ್ಟ್ರಾನ್ ಬೇಕು. ಒಂದು ಮೋಲ್ ಎಲೆಕ್ಟ್ರಾನ್ ಎಂದರೆ 96,485 ಕೂಲಂಬ್. ಪ್ರತಿ ಸಲ ಲೆಕ್ಕ ಹಾಕುವುದು ಬೇಡ ಅಂದರೆ ಒಂದು ಮಾತು ನೆನಪಿಡಿ: 1 ಮಿಲಿ ಆಂಪಿಯರ್ ಒಂದು ದಿನ ಪೂರ್ತಿ ಹರಿದರೆ ಸುಮಾರು 11 ಮಿ.ಲೀ. ಹೈಡ್ರೋಜನ್. ಇದು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸಾಮಾನ್ಯ ಒತ್ತಡದಲ್ಲಿ. ಅಂದರೆ 10 ಮಿಲಿ ಆಂಪಿಯರ್‌ಗೆ ದಿನಕ್ಕೆ 110 ಮಿ.ಲೀ.

ಮೂರನೆಯದು ಆಹಾರ. ಅದನ್ನು ಸಿಓಡಿಯಲ್ಲಿ ಅಳೆಯುತ್ತಾರೆ, ಅಂದರೆ ನೀರಿನ ಕೊಳೆಯನ್ನು ಪೂರ್ತಿ ಉತ್ಕರ್ಷಿಸಲು ಬೇಕಾದ ಆಮ್ಲಜನಕ. ಒಂದು ಗ್ರಾಂ ಸಿಓಡಿಯ ಎಲ್ಲ ಎಲೆಕ್ಟ್ರಾನ್‌ಗಳೂ ಹೈಡ್ರೋಜನ್ ಆದರೆ ಸುಮಾರು 1.5 ಲೀಟರ್ ಗ್ಯಾಸ್ ಬರುತ್ತದೆ. ಅದಕ್ಕಿಂತ ಜಾಸ್ತಿ ಬರಲು ಸಾಧ್ಯವೇ ಇಲ್ಲ. ಕೊಳಚೆ ನೀರು ಒಳಗೆ ಹೋಗುವಾಗ ಒಮ್ಮೆ, ಹೊರಗೆ ಬರುವಾಗ ಒಮ್ಮೆ ಸಿಓಡಿ ಅಳೆದರೆ ಬ್ಯಾಕ್ಟೀರಿಯಾ ಎಷ್ಟು ತಿಂದವು ಎಂದು ಗೊತ್ತಾಗುತ್ತದೆ.

ಈಗ ಮೂರನ್ನೂ ಚೀಲಕ್ಕೆ ನಿಜವಾಗಿ ಬಂದ ಗ್ಯಾಸ್ ಜೊತೆ ಪಕ್ಕ ಪಕ್ಕ ಇಡಿ. ಕರೆಂಟೇ ಕಡಿಮೆ ಇದ್ದರೆ ದೋಷ ತಂತಿಯಲ್ಲಿ, ಆನೋಡ್‌ನಲ್ಲಿ, ದ್ರವದಲ್ಲಿ ಅಥವಾ ಕ್ಯಾಥೋಡ್‌ನಲ್ಲಿ. ಕರೆಂಟ್ ಚೆನ್ನಾಗಿದ್ದು ಗ್ಯಾಸ್ ಕಡಿಮೆ ಇದ್ದರೆ ಹೈಡ್ರೋಜನ್ ಸೋರುತ್ತಿದೆ ಅಥವಾ ಒಳಗೇ ಯಾವುದೋ ಜೀವಿ ತಿನ್ನುತ್ತಿದೆ. ತಿಂದ ಆಹಾರಕ್ಕಿಂತ ಕರೆಂಟೇ ಜಾಸ್ತಿ ಇದ್ದರೆ ಅದು ಬೇರೆ ಕಥೆ, ಮುಂದೆ ಬರುತ್ತದೆ.

ಕರೆಂಟೇ ಇಲ್ಲ, ಅಥವಾ ತೀರಾ ಕಡಿಮೆ

ಸೆಲ್ ಹೊಸದಾ? ಹಾಗಾದರೆ ಇದು ದೋಷವೇ ಅಲ್ಲದಿರಬಹುದು. ಒಳ್ಳೆಯ ಬೀಜ (ಶುರುವಿಗೆ ಬೇಕಾದ ಬ್ಯಾಕ್ಟೀರಿಯಾ ಇರುವ ದ್ರವ) ಹಾಕಿ, 30 ಡಿಗ್ರಿ ಹತ್ತಿರ ಇಟ್ಟು, ಗಾಳಿ ತಾಗದಂತೆ ನೋಡಿಕೊಂಡರೂ ಕರೆಂಟ್ ಏರಲು ಒಂದೆರಡು ವಾರ ಬೇಕಾಗಬಹುದು. ಸ್ಥಿರವಾಗಲು ತಿಂಗಳೂ ಆಗಬಹುದು. ಕೆಲಸ ಮಾಡುತ್ತಿರುವ ಇನ್ನೊಂದು ಸೆಲ್‌ನ ದ್ರವ ಸಿಕ್ಕರೆ ಅದಕ್ಕಿಂತ ಒಳ್ಳೆಯ ಬೀಜ ಇಲ್ಲ. ಸಿಗದಿದ್ದರೆ ಕೊಳಚೆ ಶುದ್ಧೀಕರಣ ಘಟಕದ ನೀರು ಸಾಕು. ಮೊದಲ ಕೆಲವು ಸಲ ನೀರು ಬದಲಿಸುವಾಗ ಪೂರ್ತಿ ಖಾಲಿ ಮಾಡಬೇಡಿ. ಅರ್ಧ ಉಳಿಸಿ.

ಸೆಲ್ ಹಳೆಯದಾದರೆ ಮೊದಲು ತಂತಿ ನೋಡಿ. ಪ್ಲಸ್ ಮೈನಸ್ ಅದಲು ಬದಲಾಗಿದೆಯಾ? ಹಾಗಾಗಿದ್ದರೆ ಜೀವಪದರ ಇರುವ ಕಡೆಗೆ ಹೈಡ್ರೋಜನ್ ಬರಲು ನೋಡುತ್ತದೆ, ಬ್ಯಾಕ್ಟೀರಿಯಾ ಎಲೆಕ್ಟ್ರಾನ್ ಕೊಡಲು ಜಾಗವೇ ಇರುವುದಿಲ್ಲ. ಆಮೇಲೆ ಸಪ್ಲೈನಲ್ಲಿ ಅಲ್ಲ, ಸೆಲ್‌ನ ತುದಿಗಳಲ್ಲೇ ವೋಲ್ಟೇಜ್ ಅಳೆಯಿರಿ. ಸಪ್ಲೈನಲ್ಲಿ 0.7 ವೋಲ್ಟ್ ಇಟ್ಟಿದ್ದರೂ 10 ಓಮ್‌ನಲ್ಲಿ 10 ಮಿಲಿ ಆಂಪಿಯರ್ ಹರಿದಾಗ 0.1 ವೋಲ್ಟ್ ಅಲ್ಲೇ ಹೋಗುತ್ತದೆ. ಸೆಲ್‌ಗೆ ಸಿಗುವುದು 0.6.

ತಂತಿ ಮತ್ತು ಕಾರ್ಬನ್ ಸೇರುವ ಜಾಗವನ್ನು ನಾನು ಯಾವಾಗಲೂ ಅನುಮಾನದಿಂದ ನೋಡುತ್ತೇನೆ. ನೀರು ಖಾಲಿ ಮಾಡಿ, ಸಪ್ಲೈ ಬಿಚ್ಚಿ, ಮಲ್ಟಿಮೀಟರ್‌ನಲ್ಲಿ ತಂತಿಯ ಹೊರ ತುದಿಯಿಂದ ಆನೋಡ್ ಆಗಿರುವ ಕಾರ್ಬನ್ ಬ್ರಷ್‌ನ ಎಳೆಗಳವರೆಗೆ ಓಮ್ ಅಳೆಯಿರಿ. ಕೆಲವೇ ಓಮ್ ಇರಬೇಕು. ಹತ್ತಾರು ಓಮ್ ತೋರಿಸಿದರೆ ಜೋಡಣೆ ಸಡಿಲವಾಗಿದೆ. ನೀರಿಗೆ ತಾಗುವ ಕಡೆ ತಾಮ್ರದ ತಂತಿ ಬೇಡವೇ ಬೇಡ. ಅದು ಕರಗುತ್ತದೆ, ಕರಗಿದ ತಾಮ್ರ ಬ್ಯಾಕ್ಟೀರಿಯಾಗೆ ವಿಷ. ಆನೋಡ್ ಕಡೆ ಟೈಟಾನಿಯಂ ತಂತಿಯೇ ಒಳ್ಳೆಯದು.

ತಂತಿ ಸರಿ ಇದೆ ಅಂದರೆ ಮುಂದಿನ ಪ್ರಶ್ನೆ: ತೊಂದರೆ ಆನೋಡ್‌ನದ್ದಾ, ಕ್ಯಾಥೋಡ್‌ನದ್ದಾ? ಇಲ್ಲಿ ರೆಫರೆನ್ಸ್ ಎಲೆಕ್ಟ್ರೋಡ್ (ತನ್ನ ವೋಲ್ಟೇಜ್ ಬದಲಾಗದ, ಹೋಲಿಕೆಗೆ ಬಳಸುವ ಎಲೆಕ್ಟ್ರೋಡ್) ಇಲ್ಲದೆ ಹೇಳಲು ಆಗುವುದಿಲ್ಲ. ಈ ಕೆಲಸಕ್ಕೆ ಒಂದೇ ಒಂದು ಹೊಸ ಉಪಕರಣ ಕೊಳ್ಳುವುದಾದರೆ ಅದನ್ನೇ ಕೊಳ್ಳಿ. ಸಾಮಾನ್ಯವಾಗಿ ಸಿಗುವುದು ಸಿಲ್ವರ್–ಸಿಲ್ವರ್ ಕ್ಲೋರೈಡ್ ಬಗೆಯದು. ಸ್ಟ್ಯಾಂಡರ್ಡ್ ಹೈಡ್ರೋಜನ್ ಎಲೆಕ್ಟ್ರೋಡ್‌ಗಿಂತ ಅದು ಸುಮಾರು 0.2 ವೋಲ್ಟ್ ಮೇಲಿರುತ್ತದೆ. ಅಳತೆಗೆ ಮುಂಚೆ ಅದನ್ನೇ ಪರೀಕ್ಷಿಸಿ. ಎರಡು ರೆಫರೆನ್ಸ್‌ಗಳನ್ನು ಒಂದೇ ಉಪ್ಪು ನೀರಿನಲ್ಲಿ ಇಟ್ಟು ನಡುವಿನ ವೋಲ್ಟೇಜ್ ನೋಡಿ. ಹತ್ತು ಮಿಲಿವೋಲ್ಟ್‌ಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಒಂದು ಕೆಟ್ಟಿದೆ. ತುದಿಯಲ್ಲಿ ಗಾಳಿಗುಳ್ಳೆ ಕೂತಿದ್ದರೂ ಅಳತೆ ಸುಳ್ಳು ಹೇಳುತ್ತದೆ.

ಇನ್ನು ಆನೋಡ್ ಅಳೆಯಿರಿ. ಅಸಿಟೇಟ್ ತಿನ್ನುವ ಆರೋಗ್ಯವಂತ ಆನೋಡ್ ಈ ರೆಫರೆನ್ಸ್‌ಗೆ ಹೋಲಿಸಿದರೆ ಮೈನಸ್ 0.4ರಿಂದ ಮೈನಸ್ 0.5 ವೋಲ್ಟ್ ಹತ್ತಿರ ಇರುತ್ತದೆ. ಅದು ಸೊನ್ನೆಯ ಕಡೆ ಏರುತ್ತಾ ಹೋಗಿದ್ದರೆ ಆನೋಡ್ ಸೋತಿದೆ. ಸಪ್ಲೈ ಹಿಡಿದಿಡುವುದು ಆನೋಡ್ ಕ್ಯಾಥೋಡ್ ನಡುವಿನ ಅಂತರವನ್ನು ಮಾತ್ರ. ಆನೋಡ್ ಮೇಲೇರಿದರೆ ಕ್ಯಾಥೋಡ್ ಕೂಡ ಅದರ ಹಿಂದೆಯೇ ಮೇಲೇರುತ್ತದೆ. ಹೈಡ್ರೋಜನ್ ಮಾಡಲು ಬೇಕಾದಷ್ಟು ಕೆಳಗೆ ಇಳಿಯುವುದೇ ಇಲ್ಲ. ಕ್ಯಾಥೋಡ್ ಹೊಸದಾಗಿ ಹಾಕಿದರೂ ಗ್ಯಾಸ್ ಬಾರದಿರುವುದು ಇದೇ ಕಾರಣಕ್ಕೆ. ಆನೋಡ್ ಮೈನಸ್ 0.45ರಲ್ಲೇ ಗಟ್ಟಿಯಾಗಿ ನಿಂತು, ಕ್ಯಾಥೋಡ್ ಮೈನಸ್ 1ರ ಆಚೆ ಹೋಗಿಯೂ ಕರೆಂಟ್ ಕಡಿಮೆ ಇದ್ದರೆ ಬ್ಯಾಕ್ಟೀರಿಯಾ ಚೆನ್ನಾಗಿವೆ. ದೋಷ ಕ್ಯಾಥೋಡ್‌ನಲ್ಲಿದೆ ಅಥವಾ ನಡುವಿನ ದ್ರವದಲ್ಲಿದೆ.

*ಆನೋಡ್ ಸೋತಿದ್ದರೆ*

ಹಸಿವೋ ಕಾಯಿಲೆಯೋ ಎಂದು ತಿಳಿಯಲು ನನಗೆ ಬಹಳ ಇಷ್ಟವಾದ ಪರೀಕ್ಷೆ ಒಂದಿದೆ. ಲೀಟರಿಗೆ 1 ಗ್ರಾಂ ಸೋಡಿಯಂ ಅಸಿಟೇಟ್ ಹಾಕಿ. ಒಂದೆರಡು ಗಂಟೆ ಕರೆಂಟ್ ನೋಡಿ. ಜಿಗಿದು ಏರಿದರೆ ಬ್ಯಾಕ್ಟೀರಿಯಾ ಹಸಿದಿದ್ದವು, ಅಷ್ಟೇ. ಏರದಿದ್ದರೆ ಆಹಾರದ ಕೊರತೆ ಅಲ್ಲ.

ಈ ಪರೀಕ್ಷೆ ಇನ್ನೊಂದು ಗುಟ್ಟನ್ನೂ ಹೇಳುತ್ತದೆ. ಕೊಳಚೆ ನೀರಿನಲ್ಲಿ ಸಿಓಡಿ ಬೇಕಾದಷ್ಟಿದ್ದೂ ಅಸಿಟೇಟ್ ಹಾಕಿದ ಕೂಡಲೇ ಕರೆಂಟ್ ಏರಿದರೆ, ಆಹಾರ ಇದೆ ಆದರೆ ಬ್ಯಾಕ್ಟೀರಿಯಾ ತಿನ್ನುವ ರೂಪದಲ್ಲಿ ಇಲ್ಲ ಎಂದರ್ಥ. ಆನೋಡ್ ಮೇಲಿನ ಮುಖ್ಯ ಕೆಲಸಗಾರರು ಜಿಯೋಬ್ಯಾಕ್ಟರ್ ಬಗೆಯವು. ಪಿಷ್ಟ, ಕೊಬ್ಬು, ಪ್ರೋಟೀನ್‌ಗಳನ್ನು ಅವು ನೇರವಾಗಿ ತಿನ್ನಲಾರವು. ಬೇರೆ ಹುದುಗು ಬ್ಯಾಕ್ಟೀರಿಯಾ ಅದನ್ನೆಲ್ಲ ಒಡೆದು ಅಸಿಟೇಟ್ ಮಾಡಿಕೊಡಬೇಕು. ಆ ಕೆಲಸ ನಿಧಾನ. ಹಾಗಿದ್ದರೆ ನೀರನ್ನು ಮೊದಲು ಬೇರೆ ತೊಟ್ಟಿಯಲ್ಲಿ ಹುಳಿಯಲು ಬಿಟ್ಟು ಆಮೇಲೆ ಸೆಲ್‌ಗೆ ಹಾಯಿಸಿ. ಹುಳಿಯುವಾಗಲೂ ಒಂದಿಷ್ಟು ಹೈಡ್ರೋಜನ್ ಬರುತ್ತದೆ. ಅದನ್ನೂ ಹಿಡಿಯಬಹುದು.

ಅಸಿಟೇಟ್‌ಗೂ ಏರದಿದ್ದರೆ ಆನೋಡ್ ಹತ್ತಿರದ ಪಿಎಚ್ (ಹುಳಿ, ಕ್ಷಾರದ ಅಳತೆ) ನೋಡಿ. ದೂರದ ನೀರಿನದ್ದಲ್ಲ. ಸಿರಿಂಜ್‌ನಲ್ಲಿ ಬ್ರಷ್ ಪಕ್ಕದಿಂದಲೇ ಎಳೆದು ಅಳೆಯಿರಿ. ಬ್ಯಾಕ್ಟೀರಿಯಾ ಒಂದೊಂದು ಎಲೆಕ್ಟ್ರಾನ್ ಕೊಡುವಾಗಲೂ ಒಂದು ಹೈಡ್ರೋಜನ್ ಅಯಾನು ಬಿಡುತ್ತವೆ. ಅದು ಅಲ್ಲೇ ಉಳಿದರೆ ಜೀವಪದರ ಹುಳಿಯಾಗುತ್ತದೆ. ಪಿಎಚ್ 6ಕ್ಕಿಂತ ಕೆಳಗಿಳಿದರೆ ಕೆಲಸ ಮಂಕಾಗುತ್ತದೆ. ಬೈಕಾರ್ಬೊನೇಟ್ ಅಥವಾ ಫಾಸ್ಫೇಟ್ ಬಫರ್ (ಪಿಎಚ್ ಏರಿಳಿಯದಂತೆ ತಡೆಯುವ ದ್ರಾವಣ) ಸೇರಿಸಿದರೆ, ನೀರು ಆನೋಡ್ ಮೂಲಕ ಹಾಯುವಂತೆ ಮಾಡಿದರೆ ಸುಧಾರಿಸುತ್ತದೆ. ಆಮೇಲೆ ತಾಪ. ಆಮೇಲೆ ಗಾಳಿ ಸೋರಿಕೆ: ಆಮ್ಲಜನಕ ಒಳಗೆ ಬಂದರೆ ಬೇರೆ ಬ್ಯಾಕ್ಟೀರಿಯಾ ಅದನ್ನು ಬಳಸಿ ಆಹಾರ ಖಾಲಿ ಮಾಡುತ್ತವೆ.

ಯಾರಾದರೂ ವೋಲ್ಟೇಜ್ ಏರಿಸಿದ್ದರಾ ಎಂದೂ ಕೇಳಿ. 1 ವೋಲ್ಟ್ ದಾಟಿ ಏರಿಸುತ್ತಾ ಹೋದರೆ ಆನೋಡ್ ತೀರಾ ಮೇಲಿನ ಮಟ್ಟಕ್ಕೆ ಹೋಗಿ ಜೀವಪದರ ಹಾಳಾಗಬಹುದು. ಇನ್ನೂ ಮೇಲೆ ಹೋದರೆ ಅಲ್ಲೇ ಆಮ್ಲಜನಕ ಹುಟ್ಟುತ್ತದೆ, ಕಾರ್ಬನ್ ಸವೆಯುತ್ತದೆ. ಹಾಗೆ ಕೆಟ್ಟ ಆನೋಡ್‌ಗೆ ಮತ್ತೆ ಬೀಜ ಹಾಕುವುದೊಂದೇ ದಾರಿ.

*ದ್ರವ ಅಡ್ಡ ಬಂದಿದ್ದರೆ*

ಮನೆ ಬಳಕೆಯ ಕೊಳಚೆ ನೀರು ಕರೆಂಟನ್ನು ಚೆನ್ನಾಗಿ ಹಾಯಲು ಬಿಡುವುದಿಲ್ಲ. ಅದರ ವಾಹಕತೆ ಸೆಂಟಿಮೀಟರಿಗೆ 1 ಮಿಲಿಸೀಮೆನ್ಸ್ ಆಸುಪಾಸು. ಪ್ರಯೋಗಾಲಯದ ಬಫರ್ ದ್ರಾವಣಕ್ಕೆ ಇದರ ಹಲವು ಪಟ್ಟು ಇರುತ್ತದೆ. ಲ್ಯಾಬ್‌ನಲ್ಲಿ ಚೆನ್ನಾಗಿ ಓಡಿದ ಸೆಲ್ ನಿಜವಾದ ಕೊಳಚೆಗೆ ಬಂದಾಗ ಸೊರಗಲು ಇದು ದೊಡ್ಡ ಕಾರಣ. ಪತ್ತೆ ಮಾಡಲು ರೆಫರೆನ್ಸ್ ಅನ್ನೇ ಬಳಸಿ. ಆನೋಡ್ ಪಕ್ಕ ಇಟ್ಟು ಒಮ್ಮೆ, ಕ್ಯಾಥೋಡ್ ಪಕ್ಕ ಇಟ್ಟು ಒಮ್ಮೆ, ಅದೇ ಕ್ಯಾಥೋಡ್ ಅನ್ನು ಅಳೆಯಿರಿ. ಎರಡು ಅಳತೆಗಳ ವ್ಯತ್ಯಾಸವೇ ದ್ರವ ನುಂಗಿದ ವೋಲ್ಟೇಜ್. ಪರಿಹಾರ: ಎಲೆಕ್ಟ್ರೋಡ್‌ಗಳನ್ನು ಹತ್ತಿರ ತನ್ನಿ. ವಾಹಕತೆ ಏರಿಸಲೆಂದು ಒಮ್ಮೆಲೇ ಉಪ್ಪು ಸುರಿಯಬೇಡಿ, ಜೀವಪದರಕ್ಕೆ ಆಘಾತವಾಗುತ್ತದೆ.

ನಡುವೆ ಪೊರೆ ಇರುವ ಸೆಲ್ ಆದರೆ ಇನ್ನೊಂದು ತೊಡಕು. ಪೊರೆಯ ಮೂಲಕ ಹೈಡ್ರೋಜನ್ ಅಯಾನು ದಾಟುತ್ತದೆ ಎಂದು ನಾವು ಭಾವಿಸುತ್ತೇವೆ. ಪಿಎಚ್ 7ರ ನೀರಿನಲ್ಲಿ ಅದಕ್ಕಿಂತ ಸೋಡಿಯಂ ಹತ್ತು ಸಾವಿರ ಪಟ್ಟಿಗೂ ಜಾಸ್ತಿ ಇರುತ್ತದೆ. ದಾಟುವುದು ಬಹುಪಾಲು ಸೋಡಿಯಮ್ಮೇ. ಹೀಗಾಗಿ ಆನೋಡ್ ಕಡೆ ಹುಳಿ, ಕ್ಯಾಥೋಡ್ ಕಡೆ ಕ್ಷಾರ ಸೇರುತ್ತಾ ಹೋಗುತ್ತದೆ. ಎರಡು ಕಡೆಯ ಪಿಎಚ್ ನಡುವೆ ಒಂದೊಂದು ಅಂಕ ಅಂತರಕ್ಕೂ 0.059 ವೋಲ್ಟ್ ನಷ್ಟ. ಒಂದು ಕಡೆ 6, ಇನ್ನೊಂದು ಕಡೆ 12 ಆದರೆ 0.35 ವೋಲ್ಟ್ ಹೋಯಿತು. ನೀವು ಕೊಡುತ್ತಿರುವುದೇ 0.7 ಅಲ್ವಾ? ಅದರ ಅರ್ಧ ಇಲ್ಲೇ ಮುಗಿಯಿತು.

*ಕ್ಯಾಥೋಡ್ ಸೋತಿದ್ದರೆ*

ಹೊರಗೆ ತೆಗೆದು ನೋಡಿ. ಬಿಳಿ ಪದರ ಕಟ್ಟಿದ್ದರೆ ಅದು ಸುಣ್ಣ. ಕ್ಯಾಥೋಡ್ ಹತ್ತಿರ ಪಿಎಚ್ ಜಾಸ್ತಿ ಇರುವುದರಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಲ್ಲಿ ಗಟ್ಟಿಯಾಗುತ್ತವೆ. ಸೆಲ್‌ನಿಂದ ಹೊರಗಿಟ್ಟು ತೆಳು ಆಮ್ಲದಲ್ಲಿ ತೊಳೆಯಿರಿ. ಪ್ಲಾಟಿನಂ ಲೇಪನ ಇದ್ದರೆ ಸಲ್ಫೈಡ್ ಅದನ್ನು ಕೆಡಿಸಿರಬಹುದು. ಕೊಳಚೆ ನೀರಿಗೆ ನನ್ನ ಆಯ್ಕೆ ಸ್ಟೇನ್‌ಲೆಸ್ ಸ್ಟೀಲ್ ಜಾಲರಿ. ಅಗ್ಗ, ಗಟ್ಟಿ, ತೊಳೆದು ಮತ್ತೆ ಬಳಸಬಹುದು. ನಿಕ್ಕಲ್ ಕೂಡ ಒಳ್ಳೆಯದೇ. ಆದರೆ ಸಪ್ಲೈ ಆಫ್ ಮಾಡಿ ನೀರಿನಲ್ಲೇ ಬಿಟ್ಟರೆ ನಿಕ್ಕಲ್ ಸವೆದುಹೋಗುತ್ತದೆ. ಜಾಲರಿಯಲ್ಲಿ ಗುಳ್ಳೆ ಸಿಕ್ಕಿಕೊಂಡಿದ್ದರೆ ಸೆಲ್ ಅನ್ನು ಮೆಲ್ಲಗೆ ತಟ್ಟಿ. ಕರೆಂಟ್ ಕೂಡಲೇ ಏರಿದರೆ ಕಾರಣ ಅದೇ.

ಕರೆಂಟ್ ಇದೆ, ಗ್ಯಾಸ್ ಇಲ್ಲ

ಅತಿ ಹೆಚ್ಚು ಕಾಡುವ ದೋಷ ಇದು. ಮೊದಲು ಸೋರಿಕೆ ತಳ್ಳಿಹಾಕಿ.

ನನ್ನ ಮೊದಲ ಸೆಲ್‌ನಲ್ಲಿ ಕರೆಂಟ್ ಪ್ರಕಾರ ದಿನಕ್ಕೆ 90 ಮಿ.ಲೀ. ಬರಬೇಕಿತ್ತು. ಬರುತ್ತಿದ್ದದ್ದು 30ರಷ್ಟು. ಮೂರು ವಾರ ಬ್ಯಾಕ್ಟೀರಿಯಾವನ್ನೇ ದೂರಿದೆ. ಬೀಜ ಬದಲಿಸಿದೆ, ನೀರು ಬದಲಿಸಿದೆ, ಬಫರ್ ಬದಲಿಸಿದೆ. ಕೊನೆಗೆ ಗೊತ್ತಾಯಿತು, ಚೀಲಕ್ಕೆ ಹೋಗುವ ಪೈಪ್ ಸಿಲಿಕೋನ್‌ನದ್ದು. ಅದೂ ಎರಡು ಮೀಟರ್ ಉದ್ದ. ಹೈಡ್ರೋಜನ್ ತೀರಾ ಚಿಕ್ಕ ಅಣು. ಸಿಲಿಕೋನ್ ಗೋಡೆಯ ಮೂಲಕವೇ ನುಸುಳಿ ಹೋಗುತ್ತದೆ. ಪೈಪ್ ಗಿಡ್ಡ ಮಾಡಿ, ಉಳಿದ ಕಡೆ ದಪ್ಪ ಬ್ಯೂಟೈಲ್ ರಬ್ಬರ್ ಹಾಕಿದ ವಾರವೇ ಲೆಕ್ಕ ಬಹುಮಟ್ಟಿಗೆ ಕೂಡಿಬಂತು. ಆ ಮೂರು ವಾರದಲ್ಲಿ ನಾನು ಬದಲಿಸಿದ ಯಾವುದಕ್ಕೂ ದೋಷಕ್ಕೂ ಸಂಬಂಧವೇ ಇರಲಿಲ್ಲ.

ಸೋಪು ನೀರಿನ ಪರೀಕ್ಷೆ ಮಾಡಿ, ಆದರೆ ಅದೊಂದನ್ನೇ ನಂಬಬೇಡಿ. ಗೋಡೆಯ ಮೂಲಕ ನುಸುಳುವ ಗ್ಯಾಸ್ ಗುಳ್ಳೆ ಎಬ್ಬಿಸುವುದಿಲ್ಲ. ಸರಿಯಾದ ಪರೀಕ್ಷೆ ಹೀಗಿದೆ: ಬ್ಯಾಕ್ಟೀರಿಯಾ ಇಲ್ಲದ, ಬರೀ ನೀರು ತುಂಬಿದ ಅದೇ ರೀತಿಯ ಸೆಲ್‌ಗೆ ಅಳೆದ ಹೈಡ್ರೋಜನ್ ಹಾಕಿ. ಒಂದು ದಿನ ಬಿಟ್ಟು ಎಷ್ಟು ಉಳಿದಿದೆ ನೋಡಿ. ಇಲ್ಲಿ ಕಳೆದರೆ ಬ್ಯಾಕ್ಟೀರಿಯಾ ನಿರಪರಾಧಿಗಳು.

ಅಳತೆಯ ಕಡೆಯಲ್ಲೂ ಒಂದು ಬಲೆ ಇದೆ. ಗ್ಯಾಸ್‌ನಲ್ಲಿ ಏನೇನಿದೆ ಎಂದು ಬೇರ್ಪಡಿಸಿ ಅಳೆಯುವ ಗ್ಯಾಸ್ ಕ್ರೊಮಟೋಗ್ರಾಫ್‌ನಲ್ಲಿ ಹೀಲಿಯಂ ವಾಹಕವಾಗಿದ್ದು, ಶಾಖ ವಾಹಕತೆಯ ಡಿಟೆಕ್ಟರ್ ಇದ್ದರೆ ಹೈಡ್ರೋಜನ್ ಸರಿಯಾಗಿ ಕಾಣುವುದಿಲ್ಲ. ಎರಡೂ ಅನಿಲಗಳ ಶಾಖ ಸಾಗಿಸುವ ಗುಣ ಹತ್ತಿರ ಹತ್ತಿರ ಇರುವುದೇ ಕಾರಣ. ಆರ್ಗಾನ್ ಅಥವಾ ನೈಟ್ರೋಜನ್ ಬಳಸಿ.

ಸೋರಿಕೆ ಇಲ್ಲ, ಅಳತೆ ಸರಿ ಇದೆ. ಹಾಗಾದರೆ ಯಾರೋ ಒಳಗೇ ತಿನ್ನುತ್ತಿದ್ದಾರೆ. ಗ್ಯಾಸ್‌ನಲ್ಲಿ ಏನಿದೆ ನೋಡಿ.

*ಮೀಥೇನ್ ಕಂಡರೆ*

ಮೀಥೇನ್ ಮಾಡುವ ಸೂಕ್ಷ್ಮಜೀವಿಗಳು ಹೈಡ್ರೋಜನ್ ಮತ್ತು ಕಾರ್ಬನ್ ಡೈಆಕ್ಸೈಡ್ ತಿಂದು ಬದುಕುತ್ತವೆ. ನಾಲ್ಕು ಪಾಲು ಹೈಡ್ರೋಜನ್ ತಿಂದು ಒಂದು ಪಾಲು ಮೀಥೇನ್ ಬಿಡುತ್ತವೆ. ಹೀಗಾಗಿ ಚೀಲದಲ್ಲಿ 20 ಮಿ.ಲೀ. ಮೀಥೇನ್ ಕಂಡರೆ 80 ಮಿ.ಲೀ. ಹೈಡ್ರೋಜನ್ ಹೋಗಿರಬಹುದು ಎಂದು ಲೆಕ್ಕ ಹಾಕಿ. ಒಂದಿಷ್ಟು ಮೀಥೇನ್ ಅಸಿಟೇಟ್‌ನಿಂದಲೂ ಬರುತ್ತದೆ. ಆದ್ದರಿಂದ ಇದು ಮೇಲಿನ ಮಿತಿ. ಈ ಸಂಖ್ಯೆ ಮತ್ತು ಕರೆಂಟ್ ಹೇಳುವ ಕೊರತೆ ಹತ್ತಿರ ಹತ್ತಿರ ಬಂದರೆ ಕಳ್ಳ ಸಿಕ್ಕಿದ. ಹೊಸ ಸೆಲ್‌ನಲ್ಲಿ ಸಾಮಾನ್ಯವಾಗಿ ಮೀಥೇನ್ ಹೆಚ್ಚು ಇರುವುದಿಲ್ಲ. ವಾರ ಕಳೆದಂತೆ ಪ್ರತಿ ಬ್ಯಾಚ್‌ನಲ್ಲಿ (ಒಂದು ಸಲ ನೀರು ತುಂಬಿ ಓಡಿಸುವ ಅವಧಿಯಲ್ಲಿ) ಸ್ವಲ್ಪ ಸ್ವಲ್ಪ ಏರುತ್ತದೆ.

ಇದು ಚಿಕ್ಕ ತೊಂದರೆ ಅಲ್ಲ. ಕ್ಯಾಲಿಫೋರ್ನಿಯಾದ ನಾಪಾದಲ್ಲಿ ವೈನ್ ತಯಾರಿಕೆಯ ಕೊಳಚೆ ನೀರಿಗೆ 1,000 ಲೀಟರಿನ ಎಂಇಸಿ ಇಟ್ಟು ನೋಡಿದರು. 2011ರಲ್ಲಿ ಅದರ ಫಲಿತಾಂಶ ಬಂತು. ಕರೆಂಟ್ ಹರಿಯಿತು, ಗ್ಯಾಸ್ ಬಂತು, ಆದರೆ ಗ್ಯಾಸ್‌ನಲ್ಲಿ ಮೀಥೇನ್ ಸುಮಾರು ಶೇಕಡಾ 86ರಷ್ಟು ಇತ್ತು. ಆ ಸೆಲ್‌ನಲ್ಲಿ ಆನೋಡ್ ಕ್ಯಾಥೋಡ್ ನಡುವೆ ಪೊರೆ ಇರಲಿಲ್ಲ. ಉತ್ತರ ಇಂಗ್ಲೆಂಡಿನಲ್ಲಿ ನ್ಯೂಕಾಸಲ್ ವಿಶ್ವವಿದ್ಯಾಲಯದವರು ಮನೆ ಬಳಕೆಯ ಕೊಳಚೆ ನೀರಿಗೆ 120 ಲೀಟರಿನ, ನಡುವೆ ತಡೆ ಇರುವ ಸೆಲ್ ಓಡಿಸಿದರು. ಅಲ್ಲಿ ಬಂದದ್ದು ಬಹುತೇಕ ಶುದ್ಧ ಹೈಡ್ರೋಜನ್. ಆದರೆ ಕೊಟ್ಟ ವಿದ್ಯುತ್ತಿನ ಸುಮಾರು 70 ಶೇಕಡಾ ಮಾತ್ರ ಹೈಡ್ರೋಜನ್ ರೂಪದಲ್ಲಿ ವಾಪಸ್ ಸಿಕ್ಕಿತು. ಪೊರೆ ಇದ್ದರೆ ಗ್ಯಾಸ್ ಶುದ್ಧ, ವೋಲ್ಟೇಜ್ ನಷ್ಟ. ಪೊರೆ ಇಲ್ಲದಿದ್ದರೆ ವೋಲ್ಟೇಜ್ ಉಳಿತಾಯ, ಹೈಡ್ರೋಜನ್ ಕಳವು. ನನ್ನ ಅಭಿಪ್ರಾಯ ಕೇಳಿದರೆ, ಹೈಡ್ರೋಜನ್ನೇ ಬೇಕು ಅಂದವರು ಪೊರೆಯ ನಷ್ಟವನ್ನು ಒಪ್ಪಿಕೊಳ್ಳಬೇಕು.

ಪೊರೆ ಇಲ್ಲದ ಸೆಲ್‌ನಲ್ಲಿ ಮೀಥೇನ್ ತಗ್ಗಿಸಲು ಮಾಡಬಹುದಾದದ್ದು ಇಷ್ಟು. ಬ್ಯಾಚ್ ಚಿಕ್ಕದು ಮಾಡಿ. ಹೈಡ್ರೋಜನ್ ಒಳಗೆ ನಿಂತಷ್ಟು ಹೊತ್ತೂ ಅದು ಯಾರಿಗೋ ಊಟ. ಗ್ಯಾಸನ್ನು ಬೇಗ ಹೊರಗೆ ಎಳೆಯಿರಿ. ಬ್ಯಾಚ್ ನಡುವೆ ನೀರು ಖಾಲಿ ಮಾಡಿ ಸ್ವಲ್ಪ ಹೊತ್ತು ಗಾಳಿಗೆ ಬಿಡಿ. ಮೀಥೇನ್ ಜೀವಿಗಳಿಗೆ ಆಮ್ಲಜನಕ ಆಗುವುದಿಲ್ಲ. ಆನೋಡ್ ಜೀವಪದರ ಚಿಕ್ಕ ಅವಧಿಯ ಗಾಳಿಯನ್ನು ತಡೆದುಕೊಳ್ಳುತ್ತದೆ. ಇದರಿಂದ ಮೀಥೇನ್ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ಬ್ರೊಮೊಈಥೇನ್ ಸಲ್ಫೊನೇಟ್ ಎಂಬ ರಾಸಾಯನಿಕ ಮೀಥೇನ್ ನಿಲ್ಲಿಸುತ್ತದೆ. ಅದನ್ನು ಪರೀಕ್ಷೆಗೆ ಮಾತ್ರ ಬಳಸಿ. ಅದು ಹಾಕಿದಾಗ ಹೈಡ್ರೋಜನ್ ಕೂಡಲೇ ಏರಿದರೆ ನಿಮ್ಮ ಅನುಮಾನ ಸರಿ. ಹೊರಗೆ ಬಿಡುವ ನೀರಿಗೆ ದಿನಾ ಸುರಿಯುವ ವಸ್ತು ಅದಲ್ಲ.

ಒಂದು ಎಚ್ಚರಿಕೆ. ಬೀಜವನ್ನು ಕುದಿಸಿ ಮೀಥೇನ್ ಜೀವಿಗಳನ್ನು ಕೊಲ್ಲಿ ಎಂಬ ಸಲಹೆ ಆಗಾಗ ಕಿವಿಗೆ ಬೀಳುತ್ತದೆ. ಅದು ಕತ್ತಲೆ ಹುದುಗುವಿಕೆಯಿಂದ, ಅಂದರೆ ಬೆಳಕೂ ಕರೆಂಟೂ ಇಲ್ಲದೆ ಬರೀ ಹುದುಗಿಸಿ, ಹೈಡ್ರೋಜನ್ ಮಾಡುವವರ ವಿಧಾನ. ಅಲ್ಲಿ ಕೆಲಸ ಮಾಡುವ ಕ್ಲಾಸ್ಟ್ರಿಡಿಯಂ ಬೀಜಕಣ ಕಟ್ಟಿ ಬಿಸಿಯನ್ನು ಪಾರಾಗುತ್ತದೆ. ಜಿಯೋಬ್ಯಾಕ್ಟರ್‌ಗೆ ಬೀಜಕಣ ಇಲ್ಲ. ಕುದಿಸಿದರೆ ನಿಮಗೆ ಬೇಕಾದವರೇ ಮೊದಲು ಸಾಯುತ್ತಾರೆ.

*ಮೀಥೇನ್ ಇಲ್ಲ, ಆದರೂ ಹೈಡ್ರೋಜನ್ ಕಡಿಮೆ*

ಇಲ್ಲಿ ಸಿಓಡಿ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಬ್ಯಾಕ್ಟೀರಿಯಾ ತಿಂದ ಸಿಓಡಿ ಕೊಡಬಹುದಾದ ಎಲೆಕ್ಟ್ರಾನ್‌ಗಿಂತ ತಂತಿಯಲ್ಲಿ ಹರಿದದ್ದೇ ಜಾಸ್ತಿ ಇದೆಯಾ? ಇಲ್ಲದ ಎಲೆಕ್ಟ್ರಾನ್ ಎಲ್ಲಿಂದ ಬಂತು? ಕ್ಯಾಥೋಡ್‌ನಲ್ಲಿ ಆದ ಹೈಡ್ರೋಜನ್ ಕರಗಿ ಆನೋಡ್‌ಗೆ ಬಂದಿದೆ. ಅಲ್ಲಿ ಬ್ಯಾಕ್ಟೀರಿಯಾ ಅದನ್ನೇ ತಿಂದು ಎಲೆಕ್ಟ್ರಾನ್ ಕೊಟ್ಟಿವೆ. ಆ ಎಲೆಕ್ಟ್ರಾನ್ ಮತ್ತೆ ಹೈಡ್ರೋಜನ್ ಆಗಿದೆ. ಒಂದೇ ಎಲೆಕ್ಟ್ರಾನ್ ಸುತ್ತು ಹೊಡೆಯುತ್ತಿದೆ, ನಿಮ್ಮ ವಿದ್ಯುತ್ತು ಸುಮ್ನೆ ಖರ್ಚಾಗುತ್ತಿದೆ. ಇದರ ಗುರುತು: ಬ್ಯಾಚ್ ಕೊನೆಯಲ್ಲಿ ಕರೆಂಟ್ ಇಳಿಯಬೇಕಾದಾಗ ಇಳಿಯುವುದಿಲ್ಲ, ಉದ್ದಕ್ಕೆ ಎಳೆಯುತ್ತದೆ. ಕೆಲವೊಮ್ಮೆ ಚೀಲದ ಗ್ಯಾಸ್ ಇದ್ದದ್ದೂ ತಗ್ಗುತ್ತದೆ. ಆಹಾರ ಮುಗಿದ ಕೂಡಲೇ ಬ್ಯಾಚ್ ನಿಲ್ಲಿಸಿ.

ಇನ್ನೊಂದು ಗುಂಪು ಹೈಡ್ರೋಜನ್ ತಿಂದು ಅಸಿಟೇಟ್ ಮಾಡುತ್ತದೆ. ಅದೂ ಇದೇ ಸುತ್ತನ್ನು ಬೇರೆ ದಾರಿಯಲ್ಲಿ ಹಾಕುತ್ತದೆ. ಮದ್ದು ಒಂದೇ: ಹೈಡ್ರೋಜನ್ ಬೇಗ ಹೊರಗೆ ಬರಬೇಕು. ನೀರಿನಲ್ಲಿ ಸಲ್ಫೇಟ್ ಜಾಸ್ತಿ ಇದ್ದರೆ ಸಲ್ಫೇಟ್ ಬಳಸುವ ಬ್ಯಾಕ್ಟೀರಿಯಾ ಆಹಾರವನ್ನೂ ಹೈಡ್ರೋಜನ್ನನ್ನೂ ಕದಿಯುತ್ತವೆ. ಮೊಟ್ಟೆ ವಾಸನೆ, ಕಪ್ಪು ಕೆಸರು ಇದರ ಗುರುತು.

ಕರೆಂಟ್ ಅನುಮಾನ ಬರುವಷ್ಟು ಜಾಸ್ತಿ

ಬೆಳಿಗ್ಗೆ ನೋಡಿದಾಗ ಕರೆಂಟ್ ಐದು ಪಟ್ಟು ಏರಿದ್ದರೆ ಖುಷಿಪಡುವ ಮುಂಚೆ ಒಂದು ಅಳತೆ ಮಾಡಿ. ರೆಸಿಸ್ಟರ್ ಮೇಲಿನ ವೋಲ್ಟೇಜ್ ಸಪ್ಲೈ ಕೊಡುತ್ತಿರುವ ವೋಲ್ಟೇಜ್‌ಗೆ ಸಮ ಇದೆಯಾ? 0.7 ವೋಲ್ಟ್ ಸಪ್ಲೈ, 10 ಓಮ್ ರೆಸಿಸ್ಟರ್, ಕರೆಂಟ್ ಸರಿಯಾಗಿ 70 ಮಿಲಿ ಆಂಪಿಯರ್. ಹಾಗಿದ್ದರೆ ಸೆಲ್‌ನಲ್ಲಿ ವೋಲ್ಟೇಜ್ ಏನೂ ಬೀಳುತ್ತಿಲ್ಲ. ಬ್ರಷ್‌ನ ಒಂದು ಎಳೆ ಬಾಗಿ ಕ್ಯಾಥೋಡ್‌ಗೆ ತಾಗಿದೆ. ಶಾರ್ಟ್ ಆಗಿದೆ. ಪವರ್ ತೆಗೆದು, ನೀರು ಇಳಿಸಿ, ಎಳೆ ಕತ್ತರಿಸಿ, ನಡುವೆ ಪ್ಲಾಸ್ಟಿಕ್ ಜಾಲರಿ ಇಡಿ. ಬ್ಯಾಕ್ಟೀರಿಯಾಗೆ ಇದರಿಂದ ಸಾಮಾನ್ಯವಾಗಿ ಏನೂ ಆಗಿರುವುದಿಲ್ಲ. ಒಂದೆರಡು ಬ್ಯಾಚ್‌ನಲ್ಲಿ ಹಳೆಯ ಕರೆಂಟ್ ವಾಪಸ್ ಬರುತ್ತದೆ.

ಬರೆದಿಡಬೇಕಾದದ್ದು

ದಿನವೂ ಒಂದೇ ಹೊತ್ತಿಗೆ ಐದು ಸಂಖ್ಯೆ ಬರೆಯಿರಿ: ರೆಸಿಸ್ಟರ್ ವೋಲ್ಟೇಜ್, ರೆಫರೆನ್ಸ್‌ಗೆ ಹೋಲಿಸಿದ ಆನೋಡ್ ವೋಲ್ಟೇಜ್, ಪಿಎಚ್, ತಾಪ, ಗ್ಯಾಸ್ ಪ್ರಮಾಣ. ವಾರಕ್ಕೊಮ್ಮೆ ಸಿಓಡಿ ಮತ್ತು ಗ್ಯಾಸ್‌ನಲ್ಲಿ ಏನೇನಿದೆ ಎಂಬುದು. ಏನನ್ನೇ ಬದಲಿಸಿದರೂ ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಕನಿಷ್ಠ ಎರಡು ಬ್ಯಾಚ್ ಕಾಯಿರಿ. ಬೀಜ ಮತ್ತು ಬಫರ್ ಎರಡನ್ನೂ ಒಂದೇ ದಿನ ಬದಲಿಸಿ ಸೆಲ್ ಸುಧಾರಿಸಿದರೆ, ಯಾವುದರಿಂದ ಸುಧಾರಿಸಿತು ಎಂದು ಆಮೇಲೆ ಯಾರೂ ಹೇಳಲಾರರು. ಅದೇ ದೋಷ ಆರು ತಿಂಗಳ ಬಳಿಕ ಮತ್ತೆ ಬಂದಾಗ ಮತ್ತೆ ಎರಡನ್ನೂ ಬದಲಿಸಬೇಕಾಗುತ್ತದೆ.